ಇನ್ನೂರ ಎಪ್ಪತ್ತೊಂದು ಡಿಗ್ರಿ

ಷಿಯಾನ್,
14 ನವೆಂಬರ್ 1997, ಶುಕ್ರವಾರ

ಪ್ರೀತಿಯ ಅಪ್ಪಾ,

ಮೊಣಕಾಲು ನೋವು ಹೇಗಿದೆ? ಲಾನ್‌ಝೌನಲ್ಲಿ ಆಗಲೇ ಹಿಮ ಬಿತ್ತಂತೆ. ಎಲೆಕೋಸು ತರೋಕೆ ಅಂತ ಅಣ್ಣನ ನಾಲ್ಕು ಮಹಡಿ ಹತ್ತಿಳೀಬೇಡಿ, ಅತ್ತಿಗೆ ಇದ್ದಾರೆ. ಇಲ್ಲಿ ಮನೆ ಬೆಚ್ಚಗಿಡೋ ಕೊಳವೆಗೆ ಬಿಸಿನೀರು ಬಿಡೋದು ನಾಳೆಯಿಂದ, ಹತ್ತಿಯ ಕೋಟು ಹಾಕಿಕೊಂಡೇ ಬರೀತಿದ್ದೀನಿ. ಮೂರು ಸಲ ಫೋನ್ ಮಾಡಿದೆ, ನೀವು ಫೋನಿಗೆ ಬರಲೇ ಇಲ್ಲ. ಕೋಪ ಬಂದರೆ ನೀವು ಹೀಗೇ ಅಂತ ಗೊತ್ತು. ಕಾಗದವನ್ನಾದರೂ ಓದ್ತೀರಿ ಅಂತ ನಂಬಿದ್ದೀನಿ.

ಮೊದಲು ಸುದ್ದಿ ಕೇಳಿ. ಪ್ರಯೋಗಾಲಯದ ನಿಮ್ಮ ಹತ್ತು ವರ್ಷದ ದಾಖಲೆ ಪುಸ್ತಕದಲ್ಲಿರೋದೆಲ್ಲ ನಿಜ ಅಂತ ಇವತ್ತು ಬೆಳಿಗ್ಗೆ ಸಾಬೀತಾಯಿತು. ನನ್ನ ಎದೆ ಮೇಲಿದ್ದ ಕಲ್ಲು ಇಳಿಯಿತು ಅಪ್ಪಾ.

ನೀವು ನಿವೃತ್ತರಾದ ಮೇಲೆ ಮೂರು ತಿಂಗಳು ಒಂದು ಪ್ರಯೋಗವೂ ಕೈಗೂಡಲಿಲ್ಲ. ಅದೇ ನಿಕಲ್-ತಾಮ್ರ, ಅದೇ ಕುಲುಮೆ, ಮೇಲೆ ಅದೇ ಕರಗಿದ ಗಾಜಿನ ಹೊದಿಕೆ. ನೀವು ಅದನ್ನು ಗಟ್ಟಿಯಾಗೋ ಮಟ್ಟಕ್ಕಿಂತ ಇನ್ನೂರೈವತ್ತು ಡಿಗ್ರಿ ಕೆಳಗಿಳಿಸಿಯೂ ನೀರಾಗೇ ಉಳಿಸಿಕೊಳ್ತಿದ್ದಿರಿ. ನಮ್ಮ ಕೈಲಿ ಅದು ಎಪ್ಪತ್ತು ಇಳಿಯೋದರೊಳಗೆ ಗಟ್ಟಿ. ಶಾವ್‌ಗೆ ಡಾಕ್ಟರೇಟ್ ಕೈತಪ್ಪೋ ಭಯ. "ಚ್ಯು ಮೇಸ್ತ್ರಿಗೆ ಕಣ್ಣು ಮಂಜಾಗಿತ್ತು, ಅಳತೆ ತಪ್ಪು ಓದಿ ಬರೆದಿದ್ದಾರೆ" ಅಂತ ನಿಮ್ಮ ಮೇಲೇ ಹಾಕಿಬಿಟ್ಟ. ನಿಮ್ಮ ಪುಸ್ತಕದ ತುಂಬ ಪೆನ್ಸಿಲಿನಲ್ಲಿ ಪ್ರಶ್ನೆ ಗುರುತು ಬಿದ್ದವು. ಅದನ್ನು ನೋಡಿದ ದಿನವೇ ನೀವು ಪೆಟ್ಟಿಗೆ ಕಟ್ಟಿ ಅಣ್ಣನ ಮನೆಗೆ ಹೊರಟಿರಿ.

ನಾನು ಹನ್ನೆರಡರವಳಿದ್ದಾಗ ನೀವು ಹೇಳಿದ್ದು ನೆನಪಾಯಿತು: "ಕರಗಿದ ಲೋಹಕ್ಕೆ ಕೂರೋಕೆ ಒಂದು ಕಣ ಕೊಳೆ ಸಿಕ್ಕರೆ ಸಾಕು, ಅಲ್ಲೇ ಕೂತು ಗಟ್ಟಿಯಾಗುತ್ತೆ." ಹಾಗಾದರೆ ಕೊಳೆ ಎಲ್ಲಿಂದ? ಹನ್ನೊಂದು ದಿನದ ಹಿಂದೆ, ಇನ್ನೂ ಕರಗಿಸದ ಒಂದು ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದೆ. ಮೈ ಕನ್ನಡಿ ಹಾಗೆ ಮಿಂಚುತ್ತಿತ್ತು, ಗೀರುಗಳಲ್ಲಿ ಮಾತ್ರ ಲೋಹ ಉಜ್ಜೋ ಉಪ್ಪುಕಾಗದದ ಪುಡಿ ಹೂತು ಕೂತಿತ್ತು. ನೀವು ಚೂರುಗಳನ್ನು ಆಮ್ಲದಲ್ಲಿ ತೊಳೆದು ಸ್ಪಿರಿಟ್‌ನಲ್ಲಿ ಜಾಲಿಸೋರು, ಉಪ್ಪುಕಾಗದ ಸೋಕಿಸ್ತಿರಲಿಲ್ಲ. "ಮಿಂಚೋದು ಬೇಡ, ಶುದ್ಧ ಇದ್ರೆ ಸಾಕು" ಅಂತ ಎಷ್ಟು ಸಲ ಬೈದಿಲ್ಲ.

ನಿಮ್ಮ ಹಳೇ ಚಹಾ ಡಬ್ಬದಲ್ಲಿ ನೀವೇ ತೊಳೆದಿಟ್ಟ ಒಂದು ಚೂರು ಉಳಿದಿತ್ತು. ಇವತ್ತು ಅದನ್ನೇ ಕರಗಿಸಿದೆ. ನಿಮ್ಮ ಹಾಗೇ ಏಳು ಸಲ ಕಾಯಿಸಿ ಆರಿಸಿದೆ. ಏಳನೇ ಸಲ ಅದು ಇಳೀತು, ಇಳೀತು, ಇನ್ನೂರು ದಾಟಿತು. ಇನ್ನೂರ ಎಪ್ಪತ್ತೊಂದಕ್ಕೆ ಫಳ್ ಅಂತ ಬೆಳಕು ಹರಿದು ಗಟ್ಟಿಯಾಯಿತು. ಕತ್ತರಿಸಿ ನೋಡಿದರೆ ಕೊಂಬೆ ಕೊಂಬೆಯಾಗಿ ಹರಡಿದ ಆ ಒರಟು ಹರಳುಗಳಿಲ್ಲ, ನವಣೆ ಹರಡಿದ ಹಾಗೆ ಸಣ್ಣ ಕಾಳು. ನಿಮ್ಮ ಪುಸ್ತಕದಲ್ಲಿರೋ ಚಿತ್ರವೇ. ಗೆಂಗ್ ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಶಾವ್ ಕೈಗೆ ರಬ್ಬರ್ ಕೊಟ್ಟು ಕೂರಿಸಿದರು. ಒಂದನ್ನು ಬಿಟ್ಟು ಎಲ್ಲಾ ಗುರುತೂ ಅಳಿಸಿದ. ಪಾಪ, ಅವನ ಕಿವಿ ಸಂಜೆಯವರೆಗೂ ಕೆಂಪಗಿತ್ತು.

ಅಣ್ಣ ಅತ್ತಿಗೆಗೆ ನೆನಪು ಹೇಳಿ. ಒಣಗಿಸಿದ ಪರ್ಸಿಮನ್ ಹಣ್ಣು ಕಳಿಸಿದ್ದೀನಿ, ಎಲ್ಲವನ್ನೂ ನೀವೊಬ್ಬರೇ ತಿನ್ನಬೇಡಿ. ಬೆಚ್ಚಗಿರಿ.

ನಿಮ್ಮ ಮಗಳು,
ಲಾನ್‌ಯಿಂಗ್

ಮರೆತಿದ್ದು: ಅಂಚೆ ಡಬ್ಬಿ ಹತ್ತಿರ ನಿಂತು ಬರೀತಿದ್ದೀನಿ. ಮರೆತಿದ್ದೂ ಅಲ್ಲ, ಧೈರ್ಯ ಬಂದಿರಲಿಲ್ಲ. ಉಪ್ಪುಕಾಗದ ಹಿಡಿದ ಕೈ ನನ್ನದೇ ಅಪ್ಪಾ. ನಿಮ್ಮ ಕೆಲಸ ನನಗೆ ಬಂತಲ್ಲ, ನಿಮಗಿಂತ ಚೆನ್ನಾಗಿ ಕಾಣಲಿ ಅಂತ ಉಜ್ಜಿದೆ. ಹನ್ನೊಂದು ದಿನ ಬಾಯಿ ಬಿಡಲಿಲ್ಲ, ಇವತ್ತು ಎಲ್ಲರ ಮುಂದೆ ಹೇಳಿದೆ. ಅಳಿಸದೆ ಬಿಟ್ಟಿರೋ ಆ ಪ್ರಶ್ನೆ ಗುರುತು ಶಾವ್ ಹಾಕಿದ್ದಲ್ಲ, ನಾನು ಹಾಕಿದ್ದು. ಬನ್ನಿ, ಬೈದು ನೀವೇ ಅಳಿಸಿ.