ಗಂಟಿಲ್ಲದ ಕಾಯಿಲೆಗೆ ಗಂಟಿನ ಅಳತೆ

ನೌಕರರ ಆರೋಗ್ಯ ಯೋಜನೆಯಲ್ಲಿ ಚಿಕಿತ್ಸೆಗೆ ಅನುಮತಿ ಕೊಡುವ ಮಾನ್ಯ ಅಧಿಕಾರಿಗಳೇ,

ನನ್ನ ಎಡ ಸ್ತನದಲ್ಲಿ ಕ್ಯಾನ್ಸರ್ ಇದೆ, ಗಂಟಿಲ್ಲ. ನಿಮ್ಮ ಅರ್ಜಿಯ ಒಂಬತ್ತನೇ ಕಲಮಿನಲ್ಲಿ ‘ಗಂಟಿನ ಅಳತೆ, ಸೆಂಟಿಮೀಟರುಗಳಲ್ಲಿ’ ಎಂದಿದೆ. ಗಂಟೇ ಇಲ್ಲದವರು ಏನು ಬರೆಯಬೇಕೆಂದಿಲ್ಲ. ಅಷ್ಟರಿಂದಲೇ ನಾನು ತಿರುವನಂತಪುರದಲ್ಲಿ ಒಬ್ಬಳೇ ಕೀಮೋ ತೆಗೆದುಕೊಳ್ಳುತ್ತಿದ್ದೇನೆ, ನನ್ನ ಮನೆಯವರು ಕೊಚ್ಚಿಯಲ್ಲಿದ್ದಾರೆ, ನನ್ನ ಕಡತ ಬೆಂಗಳೂರಿನಲ್ಲಿ ನಿಮ್ಮ ಮೇಜಿನ ಮೇಲಿದೆ. ಮೂರು ಸಲ ಇಂಗ್ಲಿಷಿನಲ್ಲಿ ಅರ್ಜಿ ಬರೆದು ಸೋತೆ. ತಾವು ಕನ್ನಡದವರೆಂದು ಯಾರೋ ಹೇಳಿದರು. ಅದಕ್ಕೇ ಇದನ್ನು ಕನ್ನಡದಲ್ಲಿ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಗದಗಿನವಳು. ತಿರುವನಂತಪುರದ ಪಟ್ಟಂ ಬಡಾವಣೆಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಹಿರಿಯ ಗುಮಾಸ್ತೆ. ಗಂಡ ಗಣಪತಿ ಕೊಚ್ಚಿಯ ಬ್ಯಾಂಕೊಂದರಲ್ಲಿದ್ದಾರೆ. ಮಗಳು ಜೀವಿತಾ ಅಲ್ಲೇ ಹನ್ನೆರಡನೇ ಕ್ಲಾಸು. ನನಗೆ ಇಲ್ಲಿಗೆ ವರ್ಗವಾದ ಮೇಲೆ ಒಂದು ಕೋಣೆ ಹಿಡಿದೆ; ಶುಕ್ರವಾರ ರೈಲು ಹತ್ತಿ ಮನೆಗೆ ಹೋಗುವುದು, ಭಾನುವಾರ ತಿರುಗಿ ಬರುವುದು. ಜೂನ್ ತಿಂಗಳಲ್ಲಿ ಒಂದು ದಿನ ಸ್ತನ ಕೆಂಪಾಗಿ ಬಿಸಿಯಾಯಿತು. ಹುಳ ಕಚ್ಚಿರಬೇಕೆಂದುಕೊಂಡೆ. ನೀವು ಗೊತ್ತುಮಾಡಿದ ದವಾಖಾನೆಯ ವೈದ್ಯರು ಸೋಂಕೆಂದು ಎರಡು ಸುತ್ತು ಆ್ಯಂಟಿಬಯಾಟಿಕ್ ಕೊಟ್ಟರು. ಮೂರು ವಾರದಲ್ಲಿ ಅದು ಊದಿಕೊಂಡು, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ತೂತುತೂತಾಯಿತು. ಆಗ ದೊಡ್ಡ ಆಸ್ಪತ್ರೆಗೆ ಹೋದೆ. ಅಲ್ಲಿಯ ವೈದ್ಯೆ ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

“ಇನ್‌ಫ್ಲಮೇಟರಿ ಬ್ರೆಸ್ಟ್ ಕ್ಯಾನ್ಸರ್” ಎಂದರು, ಅದರ ವರದಿ ಬಂದ ಮೇಲೆ.

“ಗಂಟೇ ಇಲ್ಲವಲ್ಲ ಡಾಕ್ಟರ್?”

“ಇದರಲ್ಲಿ ಎಷ್ಟೋ ಸಲ ಗಂಟು ಇರುವುದೇ ಇಲ್ಲ. ಚರ್ಮದ ನಾಳಗಳಲ್ಲಿ ಹರಡಿಕೊಂಡಿರುತ್ತದೆ, ಬೇಗ ಬೆಳೆಯುತ್ತದೆ. ಮೊದಲು ಕೀಮೋ, ಆಮೇಲೆ ಆಪರೇಷನ್, ರೇಡಿಯೇಷನ್. ನೋಡಿಕೊಳ್ಳಲು ಯಾರಿದ್ದಾರೆ?”

“ಎಲ್ಲರೂ ಕೊಚ್ಚಿಯಲ್ಲಿದ್ದಾರೆ.”

“ಹಾಗಾದರೆ ಕೊಚ್ಚಿಯಲ್ಲೇ ಮಾಡಿಸಿಕೊಳ್ಳಿ. ಕಾಯಬೇಡಿ.”

ಹೊರಗೆ ಬಂದು ಗಂಡನಿಗೆ ಫೋನ್ ಮಾಡಿ ಹೇಳಿದೆ. “ಗಂಟು ಎಷ್ಟು ದೊಡ್ಡದೈತಿ?” ಎಂದು ಕೇಳಿದರು. “ಗಂಟ ಇಲ್ಲ” ಎಂದೆ. “ಹಂಗಾರ ಚಲೋನ ಆತಲ್ಲ!” ಎಂದರು ಪಾಪ, ಸಂತೋಷದಿಂದ. ಫೋನ್ ಇಟ್ಟು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಗಂಟು ಇಲ್ಲದ್ದನ್ನು ಒಳ್ಳೆಯದೆಂದು ತಿಳಿದವರು ಅವರೊಬ್ಬರೇ ಅಲ್ಲವೆಂದು ನನಗಾಗ ಗೊತ್ತಿರಲಿಲ್ಲ.

ನಿಮ್ಮ ಅನುಮತಿಯಿಲ್ಲದೆ ಕೊಚ್ಚಿಯ ಚಿಕಿತ್ಸೆಗೆ ಯೋಜನೆಯ ಹಣ ಸಿಗುವುದಿಲ್ಲ. ಅದನ್ನು ಕೇಳಿದ ಮೊದಲ ಅರ್ಜಿಯಲ್ಲಿ ಒಂಬತ್ತನೇ ಕಲಮನ್ನು ಖಾಲಿ ಬಿಟ್ಟೆ. ‘ಅಪೂರ್ಣ’ ಎಂಬ ಷರಾದೊಂದಿಗೆ ವಾಪಸು ಬಂತು. ಪಕ್ಕದ ಮೇಜಿನ ನಿರ್ಮಲ ನನ್ನ ಮುಖ ನೋಡಿ, “ಎಂದೆಂಗಿಲುಂ ಒರು ನಂಬರ್ ಇಡ್, ವಿನೋದೇ. ಎನ್ನಾಲೇ ಫಯಲ್ ನೀಙ್ಙೂ” ಎಂದಳು. ಏನಾದರೊಂದು ಅಂಕಿ ಹಾಕು, ಹಾಕಿದರೇ ಫೈಲು ಮುಂದಕ್ಕೆ ಹೋಗುವುದು ಎಂದು. ಇಪ್ಪತ್ತೆರಡು ವರ್ಷ ಬೇರೆಯವರ ಕಡತಗಳಲ್ಲಿ ತಪ್ಪು ಹುಡುಕಿದ ಕೈಯಿಂದ ನನ್ನದೇ ಎರಡನೇ ಅರ್ಜಿಯ ಮೇಲೆ ‘2’ ಎಂದು ಬರೆದೆ. ಅದು ಸುಳ್ಳು. 

ತಮ್ಮ ಉತ್ತರ ಹನ್ನೊಂದು ದಿನಕ್ಕೆ ಬಂತು. ಗಂಟು ಕೇವಲ ಎರಡು ಸೆಂಟಿಮೀಟರ್ ಇರುವುದರಿಂದ ಕಾಯಿಲೆ ಆರಂಭಿಕ ಹಂತದ್ದೆಂದೂ, ಬೇರೆ ನಗರದಲ್ಲಿ ಚಿಕಿತ್ಸೆಗೆ ಅನುಮತಿಸುವ ಅಗತ್ಯ ಕಂಡುಬರುವುದಿಲ್ಲವೆಂದೂ ತಿಳಿಸಿದಿರಿ. ಅರ್ಜಿಯ ಜೊತೆಗೆ ವೈದ್ಯೆಯ ನಾಲ್ಕು ಪುಟದ ವರದಿ ಇತ್ತಲ್ಲ, ಮಾನ್ಯರೇ? ರೋಗದ ಹೆಸರು, ಹಂತ, ಅವಸರ, ಎಲ್ಲವೂ ಅದರಲ್ಲಿತ್ತಲ್ಲ? ಅಷ್ಟು ಕಾಗದಗಳ ನಡುವೆ ತಮಗೆ ನಂಬಲು ಯೋಗ್ಯವಾಗಿ ಕಂಡದ್ದು ನಾನು ಹೇಳಿದ ಒಂದೇ ಒಂದು ಸುಳ್ಳೇ?

ಮೂರನೇ ಅರ್ಜಿಯಲ್ಲಿ ನಿಜವನ್ನೇ ಬರೆದೆ. ಅದಕ್ಕೆ ಬಂದದ್ದು ನೋಟಿಸು. ‘ಪರಸ್ಪರ ವಿರುದ್ಧ ಮಾಹಿತಿ ನೀಡಿದ್ದೇಕೆಂದು ಹದಿನೈದು ದಿನಗಳೊಳಗೆ ವಿವರಣೆ ಸಲ್ಲಿಸತಕ್ಕದ್ದು.’ ಅಲ್ಲಿಯವರೆಗೆ ಕಡತವನ್ನು ತಡೆಹಿಡಿಯಲಾಗಿದೆಯಂತೆ. ರೋಗವನ್ನು ತಡೆಹಿಡಿಯುವ ಅಧಿಕಾರವೂ ತಮಗೆ ಇದ್ದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ವೈದ್ಯೆ ಇನ್ನು ಕಾಯಲು ಒಪ್ಪಲಿಲ್ಲ. ಮೊದಲ ಕೀಮೋ ಇಲ್ಲೇ ಕೊಟ್ಟರು. ಗಂಡ ನಾಲ್ಕು ದಿನ ರಜೆ ಹಾಕಿ ಬಂದು, ಗಂಜಿ ಮಾಡಿ ಕುಡಿಸಿ, ವಾಂತಿಯ ಬಕೆಟ್ಟು ತೊಳೆದು ಹೋದರು. ಬ್ಯಾಂಕಿನಲ್ಲಿ ಅವರಿಗೂ ಮೇಲಿನವರಿದ್ದಾರೆ. ಹದಿನೈದನೇ ದಿನಕ್ಕೆ ಕೂದಲು ಕೈಗೆ ಬರತೊಡಗಿತು. ಆ ವಾರ ಮಗಳು ಬಂದಳು. ನನ್ನ ದಿಂಬನ್ನು ನೋಡಿ ಅದರ ಕವರು ಬದಲಿಸಿದಳು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರಿಸುವವಳು. ಮರುದಿನ ಇಲ್ಲಿಯ ತಂಪಾನೂರಿನ ರೈಲ್ವೆ ಸ್ಟೇಷನ್ನಿನಲ್ಲಿ, “ಅಮ್ಮೇ, ಞಾನ್ ಇವಿಡೆ ನಿಲ್ಕಟ್ಟೇ?” ಎಂದಳು. ನಾನು ಇಲ್ಲೇ ಇರಲಾ ಎಂದು.

“ಬ್ಯಾಡವಾ, ಸಾಲಿ ಐತಿ. ನಾ ಆರಾಮ ಅದೀನಿ” ಎಂದೆ.

ಅದು ನನ್ನ ಎರಡನೇ ಸುಳ್ಳು. ಅದಕ್ಕೆ ತಾವು ಇನ್ನೂ ನೋಟಿಸು ಕಳಿಸಿಲ್ಲ. ರೈಲು ಹೋದ ಮೇಲೆ ಬೆಂಚಿನಿಂದ ಏಳಲು ನನಗೆ ಅರ್ಧ ಗಂಟೆ ಬೇಕಾಯಿತು. ಯಾರಾದರೂ ಕೈಹಿಡಿದು ಎಬ್ಬಿಸಲಿ ಎಂದು ಕಾಯುತ್ತಿದ್ದೆನೋ ಏನೋ. ಕೊನೆಗೆ ಆಟೋ ಹಿಡಿದು ಕೋಣೆಗೆ ಬಂದೆ.

ಗುರುವಾರ ಎರಡನೇ ಕೀಮೋ. ಅದೂ ಇಲ್ಲೇ, ಬೇರೆ ದಾರಿಯಿಲ್ಲ. ನನ್ನ ಬೇಡಿಕೆ ದೊಡ್ಡದಲ್ಲ. ಆ ಕಲಮಿನ ಕೆಳಗೆ ‘ಗಂಟಿಲ್ಲ’ ಎಂದು ಬರೆಯಲು ಒಂದು ಗೆರೆ ಜಾಗ ಬಿಡಿ. ಮೂರನೆಯ ಕೀಮೋ ಬರುವುದರೊಳಗೆ ನನ್ನನ್ನು ಮನೆಗೆ ಹೋಗಲು ಬಿಡಿ. ನೋಟಿಸಿಗೆ ನನ್ನ ವಿವರಣೆ ಇಷ್ಟೇ: ಹೆದರಿಕೆಯಾಗಿತ್ತು, ಬರೆದೆ. ಈಗಲೂ ಹೆದರಿಕೆಯಾಗುತ್ತದೆ. ಇದಕ್ಕೆ ಶಿಕ್ಷೆಯಿದ್ದರೆ ಕೊಡಿ, ತಕರಾರಿಲ್ಲ. ಆದೇಶವನ್ನು ಮಾತ್ರ ದಯವಿಟ್ಟು ಕೊಚ್ಚಿಯ ವಿಳಾಸಕ್ಕೆ ಕಳಿಸಿ.

ಇಂತಿ,
ಸುಳ್ಳನ್ನೂ ಸರಿಯಾಗಿ ಹೇಳಲು ಬಾರದ ತಮ್ಮ ನೌಕರಳು,
ವಿನೋದಾ
ಪಟ್ಟಂ, ತಿರುವನಂತಪುರ