ಇಮ್ಮಾನು ಹೇಳಿದ ಕೆಲಸ

ಇಮ್ಮಾನು,

ಗಂಜಿ ಆರಿಸಿ ಮುಚ್ಚಿಟ್ಟಿದ್ದೇನೆ. ತುಟಿ ಒಡೆದಿದೆ, ಉಪ್ಪಿನಕಾಯಿ ಮುಟ್ಟಬೇಡ. ತಲೆಯ ಪಟ್ಟಿ ಅಂಟಿಕೊಂಡಿದ್ದರೆ ಬಿಸಿನೀರಲ್ಲಿ ನೆನೆಸಿ ಬಿಡಿಸು, ಕೀಳಬೇಡ.

ನಿನ್ನೆ ಬಾಗಿಲಲ್ಲಿ ಗೆಳೆಯನಿಗೆ, "ನಾಳೆ ಒಂದು ಕೆಲಸ ಇದೆ ಮಗಾ, ಮುಗಿಸಿಬಿಡ್ತೀನಿ" ಅಂದೆಯಲ್ಲ, ಚರ್ಚಿನಲ್ಲಿ ಇವತ್ತು ಶುರುವಾಗುವ ಉಪದೇಶಿ ಕೆಲಸವೆಂದುಕೊಂಡು ಹಿಗ್ಗಿ, ನಿನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದೆ. ಬೆಳಿಗ್ಗೆ ಕಸ ಗುಡಿಸುವಾಗ ನಿನ್ನ ಚಾಪೆಯ ಅಂಚು ಎತ್ತಿದರೆ ಕೆಳಗೆ ಮಚ್ಚು. ನಿನ್ನ ಹಳೇ ಗುಂಪಿನಲ್ಲಿ ಕೆಲಸ ಮುಗಿಸುವುದೆಂದರೆ ಆಳನ್ನೇ ಮುಗಿಸುವುದು ಎಂಬುದನ್ನು ಮರೆತಿದ್ದೆ.

ಮೊನ್ನೆ ಹೊಸಹಳ್ಳಿ ಬೀದಿಯಲ್ಲಿ ಆ ಗುಂಪಿನ ಮುನಿಯಣ್ಣ ನಿನ್ನನ್ನು ಸೈಕಲ್ ಚೈನಿನಿಂದ ಬಾರಿಸಿದ. "ಗುಂಪು ಬಿಟ್ಟು ಪಾದ್ರಿ ಆಗ್ತೀಯೇನೋ?" ಎಂದು ಬಾಯಿಗೇ ಒದ್ದ. ಆ ರಕ್ತ ತೊಳೆದವಳು ನಾನು. ನನ್ನ ಹೊಟ್ಟೆಯಲ್ಲೂ ಬೆಂಕಿಯಿದೆ ಕಣೋ. ಆದರೆ ನೀನು ಕೈ ಎತ್ತಲಿಲ್ಲವೆಂದು ಬೀದಿಯೇ ಹೇಳುತ್ತಿದೆ. ಅದಕ್ಕಿಂತ ದೊಡ್ಡ ಉಪದೇಶ ಯಾರು ಮಾಡಿದ್ದಾರೆ? ಬದುಕು ಬದಲಾಗುವಾಗ ಹಳೆಯದು ಹೀಗೇ ಕಚ್ಚುತ್ತದೆ. ದೇವರು ಕರೆದವನನ್ನು ನಡುಬೀದಿಯಲ್ಲಿ ಕೈಬಿಡುವುದಿಲ್ಲ.

ಒಡೆದ ಮುಖದಲ್ಲೇ ಹೋಗು. ಚರ್ಚಿನ ಅಯ್ಯನವರು ಕಾಯುತ್ತಿರುತ್ತಾರೆ.

ಮಚ್ಚನ್ನು ಹುಡುಕಬೇಡ, ಬಾವಿಗೆ ಹಾಕಿದೆ. ನೀನು ಬೇರೊಂದನ್ನು ತರಬಲ್ಲೆ ಎಂದೂ ಗೊತ್ತು. ಅದಕ್ಕೇ ಈಗ ಮುನಿಯಣ್ಣನ ಮನೆಗೆ ಹೊರಟಿದ್ದೇನೆ. ಸಂಜೆಯವರೆಗೂ ಅವನ ಹೊಸ್ತಿಲ ಮೇಲೆ ಕೂತಿರುತ್ತೇನೆ. ಅವನನ್ನು ಕಡಿಯಲೇಬೇಕೆಂದರೆ, ನಿನ್ನಮ್ಮನನ್ನು ದಾಟಿಕೊಂಡು ಒಳಗೆ ಹೋಗು.

ಅಮ್ಮ