ಸಾಂಬ್ರಾದ ಬಿಸಿಲು

ಖಾನಾಪುರ, ಶ್ರಾವಣ, ೧೯೨೬

ಶಿವಬಸವ್ವಾ,

ಈ ಪತ್ರ ನಾ ಟಪಾಲಿಗೆ ಹಾಕಾಂಗಿಲ್ಲ. ಬೆಳಗಾವಿ ಸಾಲಿಯೊಳಗ ಬಾಜೂಕ ಕುಂತು ಅಕ್ಷರ ಕಲತವರು ನಾವು, ಮತ್ತ ಯಾರಿಗೆ ಬರೀಲಿ?

ನಮ್ಮ ಮನಿಯವರ ಸುದ್ದಿ ನಿನಗ ಗೊತ್ತದ. ಇಲ್ಲಿ ಮಳಿ ಹಿಡೀತಂದ್ರ ಹಗಲೂ ದೀಪ ಹಚ್ಚಬೇಕು, ಅರಿವಿ ಕೆಂಡದ ಮ್ಯಾಲೆ ಒಣಗಿಸಬೇಕು. ಅವರು ಕಂಬಕ್ಕ ಆನಿಕೊಂಡು ಕುಂತುಬಿಡ್ತಾರ. ಮಾತಿಲ್ಲ, ಊಟ ಸೇರೂದಿಲ್ಲ. ಬಿಸಿಲು ಇಲ್ಲದ್ದಕ್ಕ ಹಿಂಗಾಗೇದ ಅಂತ ನಾನ ಎಲ್ಲಾರಿಗೂ ಹೇಳಕೋತ ಬಂದೆ. ಅದಕ್ಕ ಹೋದ ವಾರ ಹಟ ಮಾಡಿ ಸಾಂಬ್ರಾಕ್ಕ ನಿಮ್ಮ ಮನಿಗೆ ಕರಕೊಂಡು ಬಂದಿದ್ದೆ.

ನಿಮ್ಮ ಅಂಗಳದಾಗ ಬಿಸಿಲಿತ್ತು. ನೀ ಹರವಿದ ಜ್ವಾಳಕ್ಕ ಬಾಜು ಮನಿ ಕೋಳಿ ಬಾಯಿ ಹಾಕಿತು. ನೀ ಸೆರಗು ಸಿಕ್ಕಿಸಿ ಅದರ ಬೆನ್ನು ಹತ್ತಿದಿ. ಅವರು ನಕ್ಕರು. ಕಾರಹುಣ್ಣಿಮಿಯಿಂದ ನಾ ಕಾಯಕೋತ ಕುಂತಿದ್ದ ನಗಿ ಅದು. ಬಿಸಿಲಿನ ಗುಣ ಅಂದಕೊಂಡೆ. ನಿಮ್ಮೂರ ಬಿಸಿಲಿನ ಮ್ಯಾಲೆ ನನಗ ಹೊಟ್ಟಿಕಿಚ್ಚು ಆತು, ಖರೇ.

ಇವತ್ತ ಇಲ್ಲೂ ಮೋಡ ಹರೀತು. ನಾ ಅಂಗಳದಾಗ ಕಂಬಳಿ ಹಾಸಿ, ಅವರನ್ನ ಕೈ ಹಿಡದು ಕುಂದರಿಸಿದೆ. ಜ್ವಾಳಾನೂ ಹರವಿದೆ, ಸೆರಗೂ ಸಿಕ್ಕಿಸಿದೆ. ಅವರ ಮಾರಿ ಮ್ಯಾಲೆ ಚೊಲೊ ಬಿಸಿಲು ಬಿದ್ದಿತ್ತು. ನನ್ನ ಕಡೆ ನೋಡದ, ಹಾದಿ ಕಡೆ ನೋಡಕೋತ ಕಡೀಕ ಮಾತಾಡಿದರು.

"ಸಾಂಬ್ರಾದಾಗ ಈಗ ಮಳಿ ಇರಬೇಕು, ಅಲ್ಲಾ?"

ನಾ ಜ್ವಾಳ ತುಂಬಿ ಒಳಗಿಟ್ಟೆ. ಬಿಸಿಲು ಇನ್ನೂ ಇತ್ತು.

ಬಸವಣ್ಣೆವ್ವ